ಎಡಗಡೆ ಸೀಟಿನ ಸಾಹೇಬರು

ಆ ದಿನ ಗಾಳಿ ಮೊಟ್ಟಮೊದಲು ಹೊತ್ತುಕೊಂಡು ಹೋದದ್ದು ಎರಡು ರಟ್ಟಿನ ಚೂರುಗಳನ್ನು. ಬಿಳಿ ರಟ್ಟು, ಮೇಲೆ ಕೆಂಪು ಬಣ್ಣದ ‘ಎಲ್’ ಅಕ್ಷರ. ಕಾರು ಕಲಿಯುವವರು ಮುಂದೊಂದು ಹಿಂದೊಂದು ಕಟ್ಟಿಕೊಳ್ಳುತ್ತಾರಲ್ಲ, ಅದು. ಸೆಕೆಂಡಣ್ಣ ಮುಂದಿನ ರಟ್ಟಿಗೆ ದಾರ ಬಿಗಿಯುತ್ತಿದ್ದಾಗ ಹಿಂದಿನದು ಹಾರಿತು. ಹಿಂದಿನದನ್ನು ಅಟ್ಟಿಸಿಕೊಂಡು ಬೀದಿಯ ಕೊನೆಯವರೆಗೂ ಓಡಿ, ಬರಿಗೈಲಿ ವಾಪಸು ಬರುವಷ್ಟರಲ್ಲಿ ಮುಂದಿನದೂ ಇರಲಿಲ್ಲ. ಬಂಪರಿಗೆ ಕಟ್ಟಿದ್ದ ದಾರದ ತುದಿ ಮಾತ್ರ ಗಾಳಿಯಲ್ಲಿ ಅಲ್ಲಾಡುತ್ತ, ಯಾರನ್ನೋ ‘ಬಾ, ಬಾ’ ಎಂದು ಕರೆಯುತ್ತಿತ್ತು.

ಸೆಕೆಂಡಣ್ಣ ಗಡಿಯಾರ ರಿಪೇರಿಯವನು. ನಲವತ್ತಾರು ವರ್ಷ. ಏನು ಮಾಡಲು ಹೊರಟರೂ ಮೊದಲು ‘ಒಂದ್ಸೆಕೆಂಡು’ ಎನ್ನುವ ಅಭ್ಯಾಸ ಇದ್ದದ್ದರಿಂದ ಬೀದಿಯವರು ಆ ಹೆಸರು ಇಟ್ಟಿದ್ದರು. ಬೆಂಕಿ ಬಿದ್ದರೂ ಇವನು ಒಂದ್ಸೆಕೆಂಡು ಎನ್ನದೆ ಎದ್ದು ಓಡುವವನಲ್ಲ ಎಂದು ಹೆಂಡತಿಯೇ ಹೇಳುತ್ತಿದ್ದಳು. ಕೈಗಡಿಯಾರ ಕಟ್ಟುವವರೇ ಕಡಿಮೆಯಾಗಿ ಅಂಗಡಿ ಮುಚ್ಚುವ ಹೊತ್ತಿಗೆ, ಸುತ್ತಲಿನ ಊರುಗಳ ಶಾಲೆ, ಕಾರ್ಖಾನೆ, ರೈಲು ನಿಲ್ದಾಣಗಳ ದೊಡ್ಡ ಗಡಿಯಾರ ನೋಡಿಕೊಳ್ಳುವ ಕೆಲಸವೊಂದು ಅವನಿಗೆ ಸಿಕ್ಕಿತ್ತು. ಒಂದೇ ಷರತ್ತು: ಊರಿಂದೂರಿಗೆ ತಾನೇ ವ್ಯಾನು ಓಡಿಸಬೇಕು. ಸೋಮವಾರ ಲೈಸೆನ್ಸ್ ತೋರಿಸಿದರೆ ಕೆಲಸ, ಇಲ್ಲದಿದ್ದರೆ ಇನ್ನೊಬ್ಬನಿಗೆ. ಅಂದು ಗುರುವಾರ.

ಲೈಸೆನ್ಸಿನ ಪರೀಕ್ಷೆಯಲ್ಲಿ ಸೆಕೆಂಡಣ್ಣ ಆಗಲೇ ಐದು ಸಲ ಫೇಲಾಗಿದ್ದ. ಮೊದಲ ಸಲ ಹೂವಿನ ಕುಂಡಕ್ಕೆ ಗುದ್ದಿದ್ದ. ಆಮೇಲಿನ ನಾಲ್ಕು ಸಲವೂ ಏನಕ್ಕೂ ಗುದ್ದಬಾರದು ಎಂಬ ಎಚ್ಚರದಲ್ಲಿ ಫೇಲಾದ. ಐದನೆಯ ಪರೀಕ್ಷಕರಂತೂ ಕಾಗದದ ಮೇಲೆ ‘ವಾಹನ ಚಲಿಸಿದ ಬಗ್ಗೆ ಖಚಿತವಿಲ್ಲ’ ಎಂದು ಬರೆದಿದ್ದರು.

“ಈ ಗಾಳೀಲಿ ಹೋಗ್ಬೇಕಾ?” ಎಂದು ಕೇಳಿದಳು ಎದುರುಮನೆ ಚಿಕ್ಕಮ್ಮ, ಕಿಟಕಿಯ ಸಂದಿಯಿಂದ. “ನಮ್ಮನೆ ಬಾಗಿಲು ಬೆಳಿಗ್ಗೆಯಿಂದ ಮೂರು ಸಲ ತಾನೇ ತೆರ್ಕೊಂಡಿದೆ. ಪ್ರತಿ ಸಲ ಯಾರೋ ಒಳಗೆ ಬಂದ ಹಾಗಾಯ್ತು. ಹೊರಗೆ ಹೋದ ಹಾಗೆ ಆಗ್ಲೇ ಇಲ್ಲ ನೋಡು. ಈಗ ನಮ್ಮನೇಲಿ ಎಷ್ಟು ಜನ ಇದಾರೋ!”

ಸೆಕೆಂಡಣ್ಣನ ಬೆನ್ನಿನಲ್ಲಿ ಇರುವೆ ಹರಿದಂತಾಯಿತು.

ಕೆಳಮನೆಯ ಬಸ್ ತಾತ ಕೋಲೂರಿಕೊಂಡು ಹೊರಗೆ ಬಂದ. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಗಾಳಿಗೆ ಅವನ ಅಂಗಿ ಊದಿಕೊಂಡು, ಸಣಕಲು ತಾತ ದುಂಡಗೆ ಕಾಣುತ್ತಿದ್ದ.

“ಮಗಾ, ಇಲ್ ಕೇಳು. ಎರಡೂ ಕೈ ಸ್ಟೇರಿಂಗ್ ಮೇಲಿರ್ಲಿ. ಬಿಗಿಯಾಗಿ ಹಿಡಿ, ಆದ್ರೆ ಕತ್ತು ಹಿಸುಕೋ ಹಾಗೆ ಹಿಡೀಬೇಡ. ಗಾಳಿ ಹೊಡೆಯೋದು ಗೋಡೆ ಇರೋ ಕಡೆ ಅಲ್ಲ, ಗೋಡೆ ಮುಗಿಯೋ ಕಡೆ. ಅದಕ್ಕೆ ಮುಂಚೇನೇ ವೇಗ ಇಳಿಸು. ಕಾರು ಪಕ್ಕಕ್ಕೆ ಸರೀತು ಅಂತ ಗಾಬರಿಯಾಗಿ ತಿರುಗಿಸ್ಬೇಡ, ಕೂದಲೆಳೆ ಅಷ್ಟು ತಿರುಗಿಸು ಸಾಕು. ದೊಡ್ಡ ಲಾರಿ ಪಕ್ಕಕ್ಕೆ ಬಂದಾಗ ಗಾಳಿ ನಿಂತ ಹಾಗಾಗುತ್ತೆ. ನಿಂತಿಲ್ಲ, ಲಾರಿ ಹಿಂದೆ ಕಾಯ್ತಿರುತ್ತೆ. ಬೈಕಿನೋರಿಗೆ ದೂರದಿಂದ ಜಾಗ ಬಿಡು, ಅವರನ್ನ ಯಾವ ಕಡೆ ತಳ್ಳುತ್ತೋ ಹೇಳೋಕಾಗಲ್ಲ. ಮರದ ಕೆಳಗೆ ನಿಲ್ಲಿಸ್ಬೇಡ. ಬಾಗಿಲು ತೆಗೆಯುವಾಗ ಎರಡು ಕೈಲಿ ಹಿಡ್ಕೋ, ಇಲ್ಲಾಂದ್ರೆ ಬಾಗಿಲು ಅವರ ಪಾಲು.”

“ಯಾರ ಪಾಲು ತಾತಾ?”

ತಾತ ಆಕಾಶದ ಕಡೆ ನೋಡಿ, ಕೋಲೂರಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಬಿಳಿ ಕಾರು, ಹೆಂಡತಿಯ ತಮ್ಮನದು. ಲೈಸೆನ್ಸ್ ಇರುವ ಅವನು ಪಕ್ಕದಲ್ಲಿ ಕೂತು ಪರೀಕ್ಷೆಯ ಕಚೇರಿಯವರೆಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು: “ರೀ, ಫೇಲಾದ್ರೂ ಪರವಾಗಿಲ್ಲ, ಕಾರಿಗೆ ಏನೂ ಆಗ್ಬಾರ್ದು. ಅದು ನನ್ನ ತಮ್ಮಂದು.”

ಎರಡು ಗಂಟೆಗೆ ಪರೀಕ್ಷೆ. ಎರಡಕ್ಕೆ ಹದಿನೈದು ನಿಮಿಷ ಇರುವಾಗ ಅವರು ಕಚೇರಿಯ ಗೇಟಿನ ಮುಂದೆ ಬಂದು ನಿಂತರು. ಅಷ್ಟರಲ್ಲಿ ಮೈದುನನ ಫೋನು ಬಡಿದುಕೊಂಡಿತು. ಅವನ ಪೇಂಟಿನ ಅಂಗಡಿಯ ತಗಡಿನ ಚಾವಣಿ ಎದ್ದು ನಿಂತಿದೆಯಂತೆ.

“ಭಾವ, ನೀವು ಇಲ್ಲೇ ಕೂತಿರಿ. ನಾನು ಓಡ್ಹೋಗಿ ಚಾವಣಿ ಮೇಲೆ ಕಲ್ಲು ಹೇರಿ ಬರ್ತೀನಿ. ಪರೀಕ್ಷಕರು ಬಂದು ಎಡಗಡೆ ಕೂತ್ಕೋತಾರೆ. ಈ ಸಲ ಹೊಸಬರು. ಬಾಯೇ ಬಿಡಲ್ವಂತೆ. ಬೆರಳು ತೋರಿಸ್ತಾರೆ ಅಷ್ಟೇ. ತೋರಿಸಿದ ಕಡೆ ಹೋಗ್ತಾ ಇರಿ. ನಿಲ್ಲಿಸಿ ಅಂತ ತೋರಿಸೋವರೆಗೂ ನಿಲ್ಲಿಸ್ಬೇಡಿ. ನಿಮ್ಮ ರೋಗಾನೇ ಅದು.”

“ಯಾರು ಹೇಳಿದ್ದು, ಬಾಯಿ ಬಿಡಲ್ಲ ಅಂತ?”

“ಎಲ್ಲರೂ ಹೇಳ್ತಾರೆ” ಎಂದವನೇ ಗಾಳಿಗೆ ತಲೆ ತಗ್ಗಿಸಿ ಓಡಿದ.

ಸೆಕೆಂಡಣ್ಣ ಒಬ್ಬನೇ ಉಳಿದ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಕಚೇರಿಯ ಗೇಟು ಅರ್ಧ ತೆರೆದು, ಮುಚ್ಚಿ, ಮತ್ತೆ ತೆರೆದು, ಹಲ್ಲು ಕಡಿಯುವ ಸದ್ದು ಮಾಡುತ್ತಿತ್ತು. ಪಕ್ಕದ ಎರಡಂತಸ್ತಿನ ಕಟ್ಟಡದ ಮೇಲಿನ ಬೋರ್ಡು ಒಂದೇ ಮೊಳೆಯ ಮೇಲೆ ನೇತಾಡುತ್ತಿತ್ತು. ಹಿಂದೆಲ್ಲ ಇಪ್ಪತ್ತು ಜನ ಸಾಲು ನಿಂತಿರುತ್ತಿದ್ದರು. ಇವತ್ತು ಒಬ್ಬರೂ ಇಲ್ಲ. ಎಲ್ಲರೂ ಗಾಳಿಗೆ ಹೆದರಿ ಮನೆಯಲ್ಲಿ ಉಳಿದಿದ್ದಾರೆ, ತಾನೇ ಮೊದಲಿಗ ಎಂದುಕೊಂಡು ಅವನಿಗೆ ಸ್ವಲ್ಪ ಧೈರ್ಯ ಬಂತು.

ಸರಿಯಾಗಿ ಎರಡು ಗಂಟೆಗೆ ಕಾರಿನ ಎಡಗಡೆ ಬಾಗಿಲು ತೆರೆಯಿತು.

ಒಳಗೆ ಬಂದವರು ತುಂಬ ಎತ್ತರದ ಮನುಷ್ಯರು. ಮೊಣಕಾಲಿನವರೆಗೆ ಬೂದುಬಣ್ಣದ ಕೋಟು. ತಲೆಯಿಂದ ಗದ್ದದವರೆಗೆ ಸುತ್ತಿದ ಉಣ್ಣೆಯ ಮಫ್ಲರು. ಅದರ ನಡುವೆ ಸುಣ್ಣದಂಥ ಮುಖ, ಒಳಕ್ಕೆ ಹೋದ ಕಣ್ಣು. ಅವರ ಜೊತೆ ಆಸ್ಪತ್ರೆಯ ವಾಸನೆಯೂ ಬಂದು ಕೂತಿತು. ಕೈಯಲ್ಲಿ ಫೈಲಿರಲಿಲ್ಲ, ಪೆನ್ನಿರಲಿಲ್ಲ. ಕಾಗದದ ಒಂದು ಪುಟ್ಟ ಪೊಟ್ಟಣವಿತ್ತು. ಅದನ್ನು ಜೇಬಿಗೆ ಹಾಕುವಾಗ ಒಳಗೇನೋ ಗಟ್ಟಿಯಾದದ್ದು ಕಟಕಟ ಎಂದಿತು.

“ನಮಸ್ಕಾರ ಸಾರ್” ಎಂದ ಸೆಕೆಂಡಣ್ಣ. “ಇದು ನಂದು ಆರನೇ ಸಲ.”

ಸಾಹೇಬರು ನಿಧಾನವಾಗಿ ಅವನ ಕಡೆ ತಿರುಗಿದರು. ನಿಧಾನವಾಗಿ ಕಣ್ಣು ಮುಚ್ಚಿ ತೆರೆದರು. ಆಮೇಲೆ ಕೋಟಿನ ತೋಳಿನಿಂದ ಉದ್ದವಾದ ಒಂದು ಬೆರಳು ಹೊರಗೆ ಬಂತು. ಉಗುರಿನ ಸುತ್ತ ಬಿಳಿ ಧೂಳು. ಬೆರಳು ಮುಂದೆ ತೋರಿಸಿತು.

“ಒಂದ್ಸೆಕೆಂಡು ಸಾರ್” ಎಂದು ಸೆಕೆಂಡಣ್ಣ ಬೆಲ್ಟು ಕಟ್ಟಿ, ಮೂರೂ ಕನ್ನಡಿ ನೋಡಿ, ಮತ್ತೊಮ್ಮೆ ಮೂರೂ ಕನ್ನಡಿ ನೋಡಿ, ಹೊರಟ.

ಅಂಗಡಿಗಳೆಲ್ಲ ಮುಚ್ಚಿದ್ದವು. ಒಳಗೆ ಯಾರನ್ನೋ ಕೂಡಿಹಾಕಿ ಬೀಗ ಹಾಕಿದಂತೆ ಶಟರುಗಳು ಒಳಗಿನಿಂದ ಬಡಿದುಕೊಳ್ಳುತ್ತಿದ್ದವು. ಎರಡನೇ ತಿರುವಿನಲ್ಲಿ, ಯಾವುದೋ ಮಹಡಿಯಿಂದ ತಪ್ಪಿಸಿಕೊಂಡ ಬಿಳಿಯ ನಿಲುವಂಗಿಯೊಂದು ಎರಡೂ ತೋಳು ಚಾಚಿಕೊಂಡು ಗಾಳಿಯಲ್ಲಿ ನಡೆದು ಬಂದು, ಕಾರಿನ ಮುಂಗಾಜನ್ನು ತಬ್ಬಿಕೊಂಡಿತು.

ಸೆಕೆಂಡಣ್ಣ ಕಿರುಚಲಿಲ್ಲ. ಕಿರುಚಲು ಬಾಯಿ ತೆರೆದನಾದರೂ ಸದ್ದು ಬರಲಿಲ್ಲ. ಆದರೆ ಕಾಲು ಮೆಲ್ಲಗೆ ಬ್ರೇಕು ಒತ್ತಿತು. ಕಾರು ನೆಟ್ಟಗೆ ಪಕ್ಕಕ್ಕೆ ಹೋಗಿ ನಿಂತಿತು. ಬಾಗಿಲನ್ನು ಎರಡು ಕೈಲಿ ಹಿಡಿದುಕೊಂಡು ಇಳಿದ. ಅಂಗಿಯನ್ನು ಬಿಡಿಸಿದ. ಅದು ಬಿಡಲೊಲ್ಲದೆ ತೋಳುಗಳಿಂದ ಅವನ ಕೊರಳನ್ನು ಹಿಡಿದುಕೊಂಡಿತು. ಹೇಗೋ ಅದನ್ನು ಮಣಿಸಿ, ನಾಲ್ಕು ಮಡಿಕೆ ಮಾಡಿ, ಹತ್ತಿರದ ಮನೆಯ ಮೆಟ್ಟಿಲ ಮೇಲಿಟ್ಟು, ಮೇಲೊಂದು ಇಟ್ಟಿಗೆ ಇಟ್ಟು ಬಂದ. ಸಾಹೇಬರು ಅದನ್ನೆಲ್ಲ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು.

ಬೆರಳು ಮತ್ತೆ ಎದ್ದಿತು. ಮುಂದೆ.

ಹಳೆಯ ಗೋದಾಮಿನ ಉದ್ದನೆಯ ಗೋಡೆಯ ಪಕ್ಕದಲ್ಲಿ ಹೋಗುವಾಗ ಗಾಳಿಯ ಸದ್ದೇ ಅಡಗಿತು. ತಾತನ ಮಾತು ನೆನಪಾಗಿ ಸೆಕೆಂಡಣ್ಣ ಗೋಡೆ ಮುಗಿಯುವ ಮೊದಲೇ ವೇಗ ಇಳಿಸಿದ. ಗೋಡೆ ಮುಗಿಯಿತು. ಮೂಲೆಯಲ್ಲಿ ಅಡಗಿ ಕೂತಿದ್ದವನು ಹೆಗಲು ಕೊಟ್ಟು ನೂಕಿದಂತೆ ಕಾರು ಒಂದು ಗೇಣು ಪಕ್ಕಕ್ಕೆ ಸರಿಯಿತು. ಕೂದಲೆಳೆಯಷ್ಟು ತಿರುಗಿಸಿದ. ಗಡಿಯಾರದ ಸಣ್ಣ ಸ್ಪ್ರಿಂಗು ಕೂರಿಸಿ ಪಳಗಿದ ಕೈ. ಕಾರು ತನ್ನ ಸಾಲಿಗೆ ಬಂತು. ಐದು ಪರೀಕ್ಷೆಗಳಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಓಡಿಸಿರಲಿಲ್ಲ. ಮೆಚ್ಚುಗೆ ಏನಾದರೂ ಕಾಣುತ್ತದೆಯೇ ಎಂದು ಓರೆಗಣ್ಣಿನಲ್ಲಿ ಸಾಹೇಬರ ಮುಖ ನೋಡಿದ.

ಸಾಹೇಬರ ತುಟಿಯ ಕೊನೆಯಿಂದ ಗದ್ದದವರೆಗೆ ಕೆಂಪನೆಯ ಗೆರೆಯೊಂದು ಇಳಿದಿತ್ತು.

ಸೆಕೆಂಡಣ್ಣ ತಕ್ಷಣ ಕಣ್ಣು ಕಿತ್ತು ರಸ್ತೆಯ ಮೇಲಿಟ್ಟ. ಎದೆ ಗೋಡೆ ಗಡಿಯಾರದ ಹಾಗೆ ಬಡಿಯಿತು. ಇನ್ನೊಂದು ಸಲ ನೋಡಿದಾಗ ಸಾಹೇಬರು ಕರವಸ್ತ್ರದಿಂದ ಗದ್ದ ಒರೆಸಿಕೊಳ್ಳುತ್ತಿದ್ದರು. ಕರವಸ್ತ್ರ ಕೆಂಪಾಗಿತ್ತು. ಅವನು ನೋಡಿದ್ದನ್ನು ಅವರು ನೋಡಿದರು. ಕರವಸ್ತ್ರವನ್ನು ಜೋಪಾನವಾಗಿ ಮಡಿಚಿ ಜೇಬಿಗಿಟ್ಟುಕೊಂಡು, ಬೆರಳು ಎತ್ತಿದರು.

ಬೆರಳು ಈಗ ಸೇತುವೆಯ ಕಡೆ ತೋರಿಸುತ್ತಿತ್ತು.

“ಸಾರ್, ಸೇತುವೇನಾ? ಈ ಗಾಳೀಲಾ? ಪರೀಕ್ಷೆ ಯಾವಾಗ್ಲೂ ಪೋಸ್ಟಾಫೀಸಿನ ಹತ್ರಾನೇ ಮುಗೀತಿತ್ತು...”

ಬೆರಳು ಅಲ್ಲಾಡಲಿಲ್ಲ.

ಒಂದೂವರೆ ಮೈಲಿ ಉದ್ದದ ಸೇತುವೆ. ಕೆಳಗೆ ನೀರು ಬೂದಿಯ ಬಣ್ಣಕ್ಕೆ ತಿರುಗಿ ಕುದಿಯುತ್ತಿತ್ತು. ಮೊದಲ ಕಂಬ ದಾಟುತ್ತಿದ್ದಂತೆ ಸೆಕೆಂಡಣ್ಣನಿಗೆ ಆ ಸದ್ದು ಕೇಳಿಸಿತು. ಕಬ್ಬಿಣದ ಕಂಬಿಗಳ ನಡುವೆ ಗಾಳಿ ನುಗ್ಗಿ, ತುಂಬ ಜನ ಬಾಯಿ ಮುಚ್ಚಿಕೊಂಡು ಒಟ್ಟಿಗೆ ಗುನುಗುವ ಹಾಗೆ ಊಳಿಡುತ್ತಿತ್ತು. ಅವನು ಗೇರು ಇಳಿಸಿದ. ಎರಡೂ ಕೈ ಸ್ಟೇರಿಂಗಿನ ಮೇಲೆ. ಮುಂದೆ ಹೋಗುತ್ತಿದ್ದ ಬೈಕಿನವನಿಂದ ದೂರ ಉಳಿದ. ದೂರ ಉಳಿದದ್ದು ಒಳ್ಳೆಯದೇ ಆಯಿತು. ಅರ್ಧ ದಾರಿಯಲ್ಲಿ ಗಾಳಿ ಬೈಕನ್ನು ಎತ್ತಿ ಇವನ ಸಾಲಿಗೇ ತಂದು ಹಾಕಿತು. ಬೈಕಿನವನು ಕಂಬಿ ಹಿಡಿದುಕೊಂಡು ನಿಂತ. ಸೆಕೆಂಡಣ್ಣ ಮೆಲ್ಲಗೆ ಪಕ್ಕದಿಂದ ದಾಟಿದ.

ಆಮೇಲೆ ಹಿಂದಿನಿಂದ ಲಾರಿ ಬಂತು. ಅದು ಪಕ್ಕಕ್ಕೆ ಬಂದದ್ದೇ ಗಾಳಿ ನಿಂತಿತು. ಸೇತುವೆಯ ಗುನುಗೂ ನಿಂತಿತು. ಎಲ್ಲ ಸ್ತಬ್ಧ. ಆ ಸ್ತಬ್ಧತೆಯಲ್ಲಿ ಪಕ್ಕದ ಸೀಟಿನಿಂದ, ಗಂಟಲಿನ ಆಳದಿಂದ, ‘ಹ್ಮ್... ಹ್ಮ್...’ ಎಂಬ ನರಳಾಟ ಕೇಳಿಸಿತು. ಲಾರಿ ದಾಟಿತು. ಅದರ ಬೆನ್ನ ಹಿಂದೆ ಕಾದಿದ್ದ ಗಾಳಿ ಧಡ್ ಎಂದು ಹೊಡೆಯಿತು. ಸೆಕೆಂಡಣ್ಣ ಮೊದಲೇ ವೇಗ ಇಳಿಸಿದ್ದ. ಕಾರು ನಡುಗಿತು, ನಿಂತುಕೊಂಡಿತು.

“ನೋಡಿದ್ರಾ ಸಾರ್?” ಎಂದ ಹೆಮ್ಮೆಯಿಂದ.

ಸಾಹೇಬರು ನೋಡಿರಲಿಲ್ಲ. ತಲೆ ಒಂದು ಕಡೆ ವಾಲಿತ್ತು. ಕಣ್ಣು ಅರ್ಧ ತೆರೆದು ಬಿಳಿ ಗುಡ್ಡೆ ಮಾತ್ರ ಕಾಣುತ್ತಿತ್ತು.

“ಸಾರ್?”

ಎಡಗೈಯನ್ನು ಒಂದು ಕ್ಷಣಕ್ಕೆ ಮಾತ್ರ ಸ್ಟೇರಿಂಗಿನಿಂದ ತೆಗೆದು ಅವರ ಕೈ ಮುಟ್ಟಿದ. ಫ್ರಿಜ್ಜಿನಿಂದ ಈಗ ತಾನೇ ತೆಗೆದ ಸೌತೆಕಾಯಿಯಷ್ಟು ತಣ್ಣಗಿತ್ತು.

ಸತ್ತರು. ತನ್ನ ಪರೀಕ್ಷೆಯ ನಡುವೆಯೇ ಸತ್ತರು! ಅಥವಾ... ಎರಡು ಗಂಟೆಗೆ ಕಾರು ಹತ್ತುವಾಗ ಬದುಕಿದ್ದರು ಎಂಬುದಕ್ಕಾದರೂ ಏನು ಸಾಕ್ಷಿ? ಮಾತಾಡಿದ್ದಾರೆಯೇ? ಇಲ್ಲ. ಮೈ ಬೆಚ್ಚಗಿತ್ತೇ? ಗೊತ್ತಿಲ್ಲ. ಗೇಟಿನಿಂದ ಹೊರಗೆ ಬಂದದ್ದನ್ನು ನೋಡಿದ್ದಾನೆಯೇ? ಅದೂ ಇಲ್ಲ. ಸೇತುವೆಯ ಮೇಲೆ ಕಾರು ನಿಲ್ಲಿಸುವ ಹಾಗಿಲ್ಲ. ಈ ಗಾಳಿಯಲ್ಲಿ ನಿಲ್ಲಿಸಿದರೆ ಹಿಂದೆ ಬರುವವರು ಗುದ್ದುತ್ತಾರೆ. ಅಷ್ಟೊಂದು ಭಯದಲ್ಲೂ ಅವನಿಗೆ ಬಂದ ಇನ್ನೊಂದು ಯೋಚನೆಯೆಂದರೆ, ಇನ್ನು ಸಹಿ ಹಾಕುವವರು ಯಾರು?

ಅಂತೂ ಸೆಕೆಂಡಣ್ಣ ಉಳಿದ ಅರ್ಧ ಮೈಲಿಯನ್ನು ಪಕ್ಕದಲ್ಲಿ ಹೆಣ ಕೂರಿಸಿಕೊಂಡೇ ಓಡಿಸಿದ. ತಪ್ಪಿಲ್ಲದೆ ಓಡಿಸಿದ. ಸಾಲು ಬಿಡಲಿಲ್ಲ, ವೇಗ ಏರಿಸಲಿಲ್ಲ. ಕಣ್ಣಿನಿಂದ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ.

ಸೇತುವೆ ಮುಗಿಯಿತು. ರಸ್ತೆ ಎರಡಾಗಿ ಒಡೆಯಿತು. ಯಾವ ಕಡೆ ಹೋಗುವುದೆಂದು ತಿಳಿಯದೆ ಅವನು ತಡವರಿಸುತ್ತಿದ್ದಾಗ, ಪಕ್ಕದಿಂದ ಆ ಉದ್ದನೆಯ ಬೆರಳು ಮೆಲ್ಲಗೆ ಎದ್ದು ಎಡಕ್ಕೆ ತೋರಿಸಿತು.

ತಲೆ ಇನ್ನೂ ವಾಲಿಕೊಂಡೇ ಇತ್ತು.

ಸೆಕೆಂಡಣ್ಣ ಎಡಕ್ಕೆ ತಿರುಗಿಸಿದ. ತಿರುಗಿಸುವ ಮೊದಲು ಇಂಡಿಕೇಟರ್ ಹಾಕಿದ.

ಅಲ್ಲಿಂದ ಮುಂದೆ ಮನೆಗಳಿರಲಿಲ್ಲ. ಒಂದು ದೊಡ್ಡ ಅಂಗಳ, ಸುತ್ತ ಕಲ್ಲಿನ ಗೋಡೆ, ಮುರಿದ ಗೇಟು, ಗೇಟಿನ ಮೇಲೆ ಬಾಗಿದ ಮುದಿ ಮರ. ಬೆರಳು ಮರದ ಕೆಳಗೆ ತೋರಿಸಿತು: ನಿಲ್ಲಿಸು.

“ಮರದ ಕೆಳಗೆ ಬೇಡ ಸಾರ್” ಎಂದ ಸೆಕೆಂಡಣ್ಣ. ದನಿ ಅವನದೇ ಎಂದು ಅವನಿಗೇ ಗುರುತು ಸಿಗಲಿಲ್ಲ. “ಗಾಳಿ ಜೋರಿದ್ದಾಗ ನಿಲ್ಲಿಸ್ಬಾರ್ದು.”

ಇಪ್ಪತ್ತು ಹೆಜ್ಜೆ ಮುಂದೆ, ಬಯಲಿನಲ್ಲಿ ನಿಲ್ಲಿಸಿದ. ಎಂಜಿನ್ ಆರಿಸಿ ಕೀ ತೆಗೆಯುವಷ್ಟರಲ್ಲಿ ಹಿಂದೆ ಸಿಡಿಲು ಹೊಡೆದಂತಾಯಿತು. ಮರದ ಮುಕ್ಕಾಲು ಭಾಗ ಮುರಿದು ಗೇಟಿನ ಮುಂದೆ ಬಿದ್ದಿತ್ತು.

ಸಾಹೇಬರು ಹಿಂದಕ್ಕೆ ತಿರುಗಿ ಮರ ನೋಡಿದರು. ಆಮೇಲೆ ಸೆಕೆಂಡಣ್ಣನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕಾರಿಳಿದು, ಬಿದ್ದ ಕೊಂಬೆಗಳನ್ನು ಬಳಸಿಕೊಂಡು ಅಂಗಳದೊಳಗೆ ನಡೆದು, ಅಲ್ಲಿಂದ ತಿರುಗಿ, ಬೆರಳಿನಿಂದ ಅವನನ್ನು ಕರೆದರು.

ಓಡಿಹೋಗಬಹುದಿತ್ತು. ಆದರೆ ಸಹಿ ಆಗಿರಲಿಲ್ಲ. ಸೋಮವಾರದ ಕೆಲಸ ಕಣ್ಣ ಮುಂದೆ ಬಂತು. ಸೆಕೆಂಡಣ್ಣ ಹಿಂಬಾಲಿಸಿದ.

ಅಂಗಳದ ತುಂಬ ಕಲ್ಲುಗಳು. ಸಾಲು ಸಾಲಾಗಿ ನಿಲ್ಲಿಸಿದ, ಸೊಂಟದೆತ್ತರದ ಚಪ್ಪಡಿಗಳು. ಒಂದೊಂದರ ಮೇಲೂ ಒಂದೊಂದು ಹೆಸರು, ಹೆಸರಿನ ಕೆಳಗೆ ಹುಟ್ಟಿದ ದಿನ, ಸತ್ತ ದಿನ. ಕೊನೆಯ ಸಾಲಿನಲ್ಲಿ ಒಂದು ಕಲ್ಲು ಮಾತ್ರ ಖಾಲಿ. ಹೊಸದಾಗಿ ಉಜ್ಜಿ ನುಣುಪು ಮಾಡಿದ್ದು. ಸಾಹೇಬರು ಅದರ ಪಕ್ಕದಲ್ಲಿ ನಿಂತು, ಒಂದು ಸ್ಲೇಟು ತೆಗೆದುಕೊಂಡು, ಸೀಮೆಸುಣ್ಣದಿಂದ ಬಲಮೂಲೆಯಲ್ಲಿ ಮೊದಲು ಆ ದಿನದ ತಾರೀಖು ಬರೆದರು. ಅದರ ಕೆಳಗೆ, ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ, ‘ನಿಮ್ಮ ಹೆಸರು?’ ಎಂದು ಬರೆದು ಅವನ ಮುಂದೆ ಹಿಡಿದರು.

ಸೆಕೆಂಡಣ್ಣ ತಾರೀಖು ನೋಡಿದ. ಖಾಲಿ ಕಲ್ಲು ನೋಡಿದ.

“ಒಂದ್ಸೆಕೆಂಡು ಸಾರ್” ಎಂದ. ಕಲ್ಲಿನ ಮುಂದೆಯೇ ಕೂತುಬಿಟ್ಟ. “ಹೆಸರು ಬೇಡ ಸಾರ್. ಸೋಮವಾರ ಕೆಲಸಕ್ಕೆ ಸೇರ್ಬೇಕು. ಹೆಂಡತಿ ಇದಾಳೆ. ಕಾರು ಅವಳ ತಮ್ಮಂದು, ಅದನ್ನಾದ್ರೂ ವಾಪಸು ಕೊಟ್ಟು ಬರ್ತೀನಿ...”

“ಅಯ್ಯೋ, ಯಾಕಪ್ಪಾ ನೆಲದ ಮೇಲೆ ಕೂತ್ಕೊಂಡ್ರಿ?” ಎಂದು ಹಿಂದಿನಿಂದ ಹೆಂಗಸಿನ ದನಿ ಕೇಳಿಸಿತು. ಏಪ್ರನ್ ಕಟ್ಟಿಕೊಂಡ ದಪ್ಪನೆಯ ಅಮ್ಮ ಕಲ್ಲುಗಳ ಹಿಂದಿದ್ದ ಒಂಟಿ ಮನೆಯೊಳಗಿಂದ ಬಂದು ಸಾಹೇಬರ ಕೈಯಿಂದ ಸ್ಲೇಟು ಕಿತ್ತುಕೊಂಡಳು. “ಒಳಗೆ ನಡೀರಿ ನೀವು! ನಾಲ್ಕು ಹಲ್ಲು ಕೀಳಿಸ್ಕೊಂಡು ಗಾಳೀಲಿ ನಿಂತಿದೀರಲ್ಲ. ಎರಡು ಗಂಟೆ ಬಾಯಿ ಬಿಡಬಾರ್ದು ಅಂತ ಡಾಕ್ಟ್ರು ಹೇಳಿಲ್ವಾ? ಸೂಜಿಮದ್ದಿನ ಮಂಪರೂ ಇನ್ನೂ ಇಳಿದಿಲ್ಲ. ಕಿವೀಲಿರೋ ಹತ್ತಿ ತೆಗೀಬೇಡಿ.” ಆಮೇಲೆ ಸೆಕೆಂಡಣ್ಣನ ಕಡೆ ತಿರುಗಿ ಹೇಳಿದಳು: “ಅವರು ಕಲ್ಲಿನ ಮೇಲೆ ಹೆಸರು ಕೆತ್ತೋರು. ಬಾಡಿಗೆ ಲೆಕ್ಕ ಬರ್ಕೊಳ್ಳೋಕೆ ನಿಮ್ಮ ಹೆಸರು ಕೇಳಿದ್ರು, ಅಷ್ಟೇ. ನೀವು ಬಾಡಿಗೆ ಕಾರಿನೋರು ತಾನೇ? ಈ ಗಾಳೀಲಿ ಸೇತುವೆ ಮೇಲೆ ಯಾರೂ ಬರಲ್ಲ ಅಂದ್ರು. ಯಾರಾದ್ರೂ ಒಪ್ಪಿದ್ರೆ ಲೈಸೆನ್ಸ್ ಕಚೇರಿ ಪಕ್ಕದ ಹಲ್ಲಿನ ಡಾಕ್ಟ್ರ ಮನೆ ಮುಂದೆ ಬಿಳಿ ಕಾರು ನಿಲ್ಲಿಸ್ತೀವಿ ಅಂದಿದ್ರು. ನೀವು ಬಂದಿರಲ್ಲ, ಪುಣ್ಯಾತ್ಮರು!”

ಸೆಕೆಂಡಣ್ಣ ನೆಲದ ಮೇಲೆ ಕೂತೇ ಇದ್ದ. ಭಯವೆಲ್ಲ ಇಳಿದು ಹೋದ ಜಾಗಕ್ಕೆ ಅದಕ್ಕಿಂತ ಕೆಟ್ಟದ್ದೊಂದು ಮೆಲ್ಲಗೆ ಬಂದು ಕೂತಿತು.

“ಹಾಗಾದ್ರೆ ಇವರು ಪರೀಕ್ಷಕರಲ್ವಾ?” ಎಂದ.

ಅವನು ನಡೆದದ್ದನ್ನೆಲ್ಲ ಹೇಳಿದಾಗ ಆಕೆ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಳು. ಕಲ್ಲಿನವರ ಸುಣ್ಣದ ಮುಖ ಇನ್ನಷ್ಟು ಬಿಳುಪಾಯಿತು. ಮುರಿದ ಮರದ ಕಡೆ, ಸೇತುವೆಯ ಕಡೆ, ಸೆಕೆಂಡಣ್ಣನ ಕಡೆ ನೋಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋಗಿ ಕಾಗದ ತಂದರು. ಅರ್ಧ ಗಂಟೆ ಕೂತು ಬರೆದರು. ಅಕ್ಷರ ಬರೆಯುವುದೇ ಕಸುಬಾದವರ ಕಾಗದ. ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು, ಹಾಗಿತ್ತು.

ಆಕೆ ಜೋರಾಗಿ ಓದಿದಳು: “‘ಈ ದಿನ ಈ ಮಹನೀಯರು ಬಿರುಗಾಳಿಯಲ್ಲಿ ನನ್ನನ್ನು ಸೇತುವೆ ದಾಟಿಸಿ ಮನೆಗೆ ತಲುಪಿಸಿದರು. ಕಾರಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವನಲ್ಲ, ಆದರೂ ಇಂಥ ಚಾಲಕರು ಅಪರೂಪ ಎಂದು ಬಲ್ಲೆ. ಮರದ ಕೆಳಗೆ ನಿಲ್ಲಿಸದೆ ನನ್ನ ಜೀವ ಉಳಿಸಿದರು. ಇವರಿಗೆ ಲೈಸೆನ್ಸ್ ಕೊಡದಿದ್ದರೆ ಇನ್ನಾರಿಗೂ ಕೊಡಬಾರದು.’ ಇದಕ್ಕಿಂತ ಇನ್ನೇನು ಬೇಕು? ಐದಕ್ಕೆ ಕಚೇರಿ ಮುಚ್ತಾರೆ. ಬೇಗ ಹೊರಡಿ.”

ವಾಪಸು ಬರುವಾಗ ಗಾಳಿ ಪೂರ್ತಿ ಬಿದ್ದುಹೋಗಿತ್ತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಸೇತುವೆ ಉಸಿರು ಬಿಗಿಹಿಡಿದು ಕಾಯುತ್ತಿದ್ದಂತೆ ಮೌನವಾಗಿತ್ತು. ಪಕ್ಕದ ಸೀಟು ಖಾಲಿಯಾಗಿದ್ದರೂ ಅದರ ಮೆತ್ತೆ ಇನ್ನೂ ಯಾರೋ ಕೂತ ಹಾಗೆ ತಗ್ಗಾಗಿಯೇ ಇತ್ತು. ಬೇರೆ ದಿನವಾಗಿದ್ದರೆ ಸೆಕೆಂಡಣ್ಣ ಹೆದರುತ್ತಿದ್ದ. ಇವತ್ತು ಹೆದರಿಕೆಯ ದಾಸ್ತಾನು ಮುಗಿದಿತ್ತು. ಜೀವನದಲ್ಲಿ ಮೊದಲ ಸಲ ಅವನು ಒಂದು ಸೆಕೆಂಡೂ ತಡೆಯದೆ, ಸಣ್ಣಗೆ ಶಿಳ್ಳೆ ಹಾಕುತ್ತ ಕಾರು ಓಡಿಸಿದ.

ಕಚೇರಿಯಲ್ಲಿ ಪರೀಕ್ಷಕರು ಇನ್ನೂ ಇದ್ದರು. ಕುಳ್ಳನೆಯ, ನಗುಮುಖದ ಹೆಂಗಸು. ಬಾಯಿ ಬಿಡದವರಲ್ಲ, ಬಾಗಿಲಿನಲ್ಲಿ ನೋಡಿದ್ದೇ “ಬನ್ನಿ ಬನ್ನಿ, ಕೂತ್ಕೊಳಿ, ನೀರು ಕುಡೀರಿ, ಮುಖ ಯಾಕೆ ಹೀಗಿದೆ?” ಎಂದರು. ಸೆಕೆಂಡಣ್ಣ ಎರಡು ಕೈಯಿಂದ ಕಾಗದ ಕೊಟ್ಟ. ಅವರು ಓದಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು.

“ಇವತ್ತು ಸೇತುವೆ ದಾಟಿದ್ರಾ? ಲಾರಿ ಬಂತಾ?”

“ಒಂದು ಬಂತು ಮೇಡಂ. ಮೊದಲೇ ವೇಗ ಇಳಿಸಿದೆ. ದಾಟಿದ ಮೇಲೆ ಗಾಳಿ ಹೊಡೆಯುತ್ತೆ ಅಂತ ಗೊತ್ತಿತ್ತು. ಹೊಡೀತು. ಕೂದಲೆಳೆ ಅಷ್ಟು ತಿರುಗಿಸಿದೆ.”

“ಅಬ್ಬಾ! ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದೀನಿ. ಇಷ್ಟು ಸರಿಯಾಗಿ ಹೇಳಿದೋರೇ ಇಲ್ಲ, ಮಾಡಿದೋರಂತೂ ದೂರ.” ಅವರು ಎದ್ದು ಅವನ ಕೈ ಕುಲುಕಿದರು. “ಈ ಕಲ್ಲಿನೋರ ಹತ್ರ ಲೈಸೆನ್ಸ್ ಇದೆಯಾ?”

“ಇಲ್ಲ ಮೇಡಂ. ಅವರೇ ಬರೆದಿದಾರಲ್ಲ” ಎಂದು ಬಗ್ಗಿ ಬೆರಳಿಟ್ಟು ತೋರಿಸಿದ. “ಇಲ್ಲಿ, ಮೂರನೇ ಸಾಲು.”

“ಹೌದು, ಹೌದು. ಮತ್ತೆ ಈಗ ವಾಪಸು ಬರುವಾಗ ಪಕ್ಕದಲ್ಲಿ ಯಾರಿದ್ರು?”

“ಯಾರೂ ಇರ್ಲಿಲ್ಲ ಮೇಡಂ” ಎಂದ, ಎದೆಯುಬ್ಬಿಸಿ. “ಒಬ್ಬನೇ ಬಂದೆ.”

ಪರೀಕ್ಷಕರು ಮೆಲ್ಲಗೆ ಕನ್ನಡಕ ತೆಗೆದಿಟ್ಟರು.

“ಲೈಸೆನ್ಸ್ ಇರೋರು ಪಕ್ಕದಲ್ಲಿ ಇಲ್ದೆ ಕಲಿಯೋರು ಕಾರು ಓಡಿಸಿದ್ರೆ ಒಂದು ವರ್ಷ ಪರೀಕ್ಷೆಗೆ ಕೂರೋ ಹಾಗಿಲ್ಲ. ನೀವು ಎರಡು ಸಲ ಓಡಿಸಿದೀರಿ. ಅದನ್ನ ಬರೆದು, ಸಹಿ ಹಾಕಿಸಿ, ತಂದೂ ಕೊಟ್ಟಿದೀರಿ. ನಾನೇನು ಮಾಡ್ಲಿ ಹೇಳಿ?” ಅವರ ದನಿಯಲ್ಲಿ ನಿಜವಾದ ನೋವಿತ್ತು. “ಸುಮ್ನೆ ಮನೆಗೆ ಹೋಗಿದ್ರೆ ಸಾಕಿತ್ತು. ಗಾಳಿ ಅಂತ ಇವತ್ತಿನ ಪರೀಕ್ಷೇನ ಬೆಳಿಗ್ಗೇನೇ ರದ್ದು ಮಾಡಿದ್ವಿ. ಗೇಟಿಗೆ ಚೀಟಿ ಅಂಟಿಸಿದ್ವಿ, ಹಾರಿಹೋಗಿರ್ಬೇಕು. ಎಲ್ಲರಿಗೂ ನಾಳೆ ಹತ್ತು ಗಂಟೆಗೆ ಇಟ್ಟಿದೀವಿ.”

ಮೇಜಿನ ಮೇಲಿದ್ದ ಪಟ್ಟಿಯನ್ನು ತಿರುಗಿಸಿ ತೋರಿಸಿದರು. ನಾಳೆಯ ಪಟ್ಟಿ. ಮೊದಲ ಹೆಸರು ಅವನದೇ. ಅವನ ಕಣ್ಣೆದುರಿಗೇ ಅದರ ಮೇಲೆ ಸ್ಕೇಲಿಟ್ಟು ನೆಟ್ಟಗೆ ಗೆರೆ ಎಳೆದರು.

ಸೆಕೆಂಡಣ್ಣ ಎದ್ದು ಕಾಗದಕ್ಕೆ ಕೈಚಾಚಿದ.

“ಇದು ಇಲ್ಲೇ ಇರ್ಲಿ” ಎಂದರು ಪರೀಕ್ಷಕರು. “ಬೇಜಾರು ಮಾಡ್ಕೋಬೇಡಿ. ಇದರಲ್ಲಿ ನಿಮ್ಮ ಹೆಸರಿಲ್ಲ, ಗೋಡೆಗೆ ಹಾಕ್ತೀನಿ. ಜೋರು ಗಾಳೀಲಿ ಕಾರು ಹೇಗೆ ಓಡಿಸ್ಬೇಕು ಅಂತ ಕಲಿಯೋರಿಗೆ ತಿಳಿಸೋಕೆ ಇದಕ್ಕಿಂತ ಒಳ್ಳೇದು ನಮ್ಮ ಹತ್ರ ಇನ್ನೊಂದಿಲ್ಲ. ಮತ್ತೆ ಆ ಕಾರಿನ ಕೀ ಕೊಡಿ. ಕಾರು ಇಲ್ಲೇ ಇರ್ಲಿ. ಲೈಸೆನ್ಸ್ ಇರೋರು ಯಾರಾದ್ರೂ ಬಂದು ತಗೊಂಡು ಹೋಗ್ಲಿ.”

ಅವರು ಕುರ್ಚಿ ಹತ್ತಿ ಕಾಗದಕ್ಕೆ ನಾಲ್ಕು ಪಿನ್ನು ಚುಚ್ಚಿ ಇಳಿದರು. ಕಾಗದ ಸ್ವಲ್ಪ ವಾರೆಯಾಗಿತ್ತು. ಸೆಕೆಂಡಣ್ಣ ಕೀಯನ್ನು ಮೇಜಿನ ಮೇಲಿಟ್ಟ. ಗೋಡೆಯ ಹತ್ತಿರ ಹೋಗಿ, ಒಂದು ಪಿನ್ನು ಕಿತ್ತು, ಕಾಗದವನ್ನು ನೆಟ್ಟಗೆ ಮಾಡಿ ಮತ್ತೆ ಚುಚ್ಚಿದ. ಆಮೇಲೆ ಬಸ್ ಸ್ಟಾಪಿನ ಕಡೆ ನಡೆದ.